ತಮ್ಮನ ತಲೆಯ ಎಂಆರ್‌ಐ ‘ನಾರ್ಮಲ್’ ಬಂದಿದೆ. ಹಾಗಾದರೆ ಕಾಯಿಲೆ ಎಲ್ಲಿದೆ?

ತೋಟದ ದಾರಿ, ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 24 ವರ್ಷ. ಕಳೆದ ವರ್ಷ ಕೊನೆಕೊಯ್ಲಿನ ಹೊತ್ತಿಗೆ ತೋಟಕ್ಕೆ ಹೋಗುವುದನ್ನು ಬಿಟ್ಟ. ರಾತ್ರಿ ನಿದ್ದೆ ಇಲ್ಲ. ಯಾರೋ ಇಬ್ಬರು ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ, ಕೂತರೂ ನಿಂತರೂ ತಪ್ಪು ಹುಡುಕುತ್ತಾರೆ ಅನ್ನುತ್ತಿದ್ದ. ನಮಗೆ ಯಾರ ದನಿಯೂ ಕೇಳುತ್ತಿರಲಿಲ್ಲ. ಗಾಳಿ ಸೋಕಿದೆ ಅಂತ ಮೊದಲು ಎರಡು ಕಡೆ ತೋರಿಸಿದೆವು. ನಾಲ್ಕು ತಿಂಗಳು ಹಾಗೇ ಹೋಯಿತು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ಹುಬ್ಬಳ್ಳಿಯಲ್ಲಿ ಮಾನಸಿಕ ವೈದ್ಯರಿಗೆ ತೋರಿಸಿದೆವು. ಅವರು ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಎಂಆರ್‌ಐ ಮಾಡಿಸಿದರು. ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ನಿಜವಲ್ಲದ್ದು ನಿಜ ಅನಿಸುವ ಕಾಯಿಲೆ ಅಂತ ಹೇಳಿ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ನಿದ್ದೆ ಸರಿಹೋಯಿತು. ದನಿಯೂ ಕಡಿಮೆ ಆಗಿದೆ ಅನ್ನುತ್ತಾನೆ.

ಈಗ ತೊಂದರೆ ಮನೆಯಲ್ಲೇ. ದೊಡ್ಡಪ್ಪ ಸ್ಕ್ಯಾನ್ ರಿಪೋರ್ಟ್ ಓದಿಸಿಕೊಂಡರು. ‘ಮೆದುಳಿನಲ್ಲಿ ಏನೂ ದೋಷ ಇಲ್ಲ ಅಂತ ಅವರೇ ಬರೆದಿದ್ದಾರೆ. ಮತ್ತೆ ಮಾತ್ರೆ ಯಾಕೆ? ಇದು ಸೋಮಾರಿತನ’ ಅಂತ ಎಲ್ಲರ ಎದುರು ಹೇಳಿದರು. ತಮ್ಮ ಅದನ್ನು ಕೇಳಿಸಿಕೊಂಡ. ಅವತ್ತು ಮಾತ್ರೆ ತೆಗೆದುಕೊಳ್ಳಲಿಲ್ಲ.

ಮೆದುಳಿಗೆ ರಕ್ತ ಎಷ್ಟು ಹರಿಯುತ್ತದೆ, ಮೆದುಳು ಎಷ್ಟು ಶಕ್ತಿ ಬಳಸುತ್ತದೆ ಅಂತ ತೋರಿಸುವ ಬೇರೆ ಎಂಆರ್‌ಐ ಇದೆಯಂತೆ. ಅದನ್ನು ಮಾಡಿಸಿದರೆ ಕಾಯಿಲೆ ಕಾಣುತ್ತದೆಯಾ? ಇಟ್ಟ ಅಡಿಕೆ ಈಗಲೇ ಮಾರಿಯಾದರೂ ಮಾಡಿಸೋಣ ಅಂತ ಅಪ್ಪಯ್ಯ ಹೇಳುತ್ತಿದ್ದಾರೆ. ತಿಳಿದವರು ಹೇಳಿ.

ಬೇಲೆ ಅಂಚು, ಅಂಕೋಲಾ

ನಮ್ಮ ಮನೆಯಲ್ಲೂ ಇದೇ ಆಗಿತ್ತು ಅಕ್ಕಾ. ರಿಪೋರ್ಟ್ ನಾರ್ಮಲ್ ಅಂದ ಕೂಡಲೇ ಊರಿನವರೆಲ್ಲ ಡಾಕ್ಟರ್ ಆದರು. ಮೊದಲ ಕೆಲಸ ಇದು: ಮಾತ್ರೆ ಬಿಡಿಸಬೇಡಿ. ನಾವು ಬಿಡಿಸಿ ಅನುಭವಿಸಿದ್ದೇವೆ. ಮೂರು ವಾರ ಚೆನ್ನಾಗಿದ್ದರು, ನಾಲ್ಕನೇ ವಾರ ರಾತ್ರಿ ಮನೆ ಬಿಟ್ಟು ಹೋದರು. ಬೆಳಿಗ್ಗೆ ದೋಣಿಯವರು ಕರೆದುಕೊಂಡು ಬಂದರು.

ಸ್ಕ್ಯಾನ್ ರೂಮಿನಿಂದ, ಕಾರವಾರ

ತಂಗೀ, ನಾನು ಎಂಆರ್‌ಐ ಟೆಕ್ನಿಷಿಯನ್. 19 ವರ್ಷದಿಂದ ಇದೇ ಕೆಲಸ. ರೋಗ ಹೇಳುವುದು ನನ್ನ ಕೆಲಸವಲ್ಲ, ಮೆಷಿನ್ ಏನು ನೋಡುತ್ತದೆ ಅಂತ ಮಾತ್ರ ಹೇಳುತ್ತೇನೆ.

ನಿಮ್ಮ ತಮ್ಮನಿಗೆ ಮಾಡಿಸಿದ್ದು ಮೆದುಳಿನ ಆಕಾರ ತೋರಿಸುವ ಸ್ಕ್ಯಾನ್. ತೋಟದ ಫೋಟೋ ಇದ್ದ ಹಾಗೆ. ಮರ ಎಷ್ಟಿವೆ, ಯಾವುದು ಮುರಿದಿದೆ, ಕಾಲುವೆ ಎಲ್ಲಿ ಕುಸಿದಿದೆ, ಅದೆಲ್ಲ ಕಾಣುತ್ತದೆ. ನೀರು ಯಾವ ಮರದ ಬುಡಕ್ಕೆ ಎಷ್ಟು ಹೋಗುತ್ತಿದೆ, ಮರ ಅದನ್ನು ಎಷ್ಟು ಹೀರುತ್ತಿದೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಡಾಕ್ಟರು ಈ ಸ್ಕ್ಯಾನ್ ಮಾಡಿಸಿದ್ದು ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಗಡ್ಡೆ ಇದೆಯಾ, ಹಳೆಯ ಪೆಟ್ಟು ಇದೆಯಾ, ಮೆದುಳಿನ ಉರಿಯೂತ ಇದೆಯಾ ಅಂತ. ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯೂ ಇದೆ ನೋಡಿ. ಸಿದ್ದಾಪುರ ಕಡೆಯವರಿಗೆ ಗೊತ್ತು, ಕೆಲವರಿಗೆ ಜ್ವರ ಇಳಿದ ಮೇಲೆ ಮತ್ತೆ ಬಂದು ತಲೆಗೆ ತಾಗುತ್ತದೆ. ಅದಕ್ಕೇ ಜ್ವರ ಬಂದಿತ್ತಾ ಅಂತಲೂ ಕೇಳುತ್ತಾರೆ. ಹಾಗಾಗಿ ‘ನಾರ್ಮಲ್’ ಅಂದರೆ ಇವೆಲ್ಲ ಇಲ್ಲ ಅಂತ ಅಷ್ಟೇ. ಕಾಯಿಲೆಯೇ ಇಲ್ಲ ಅಂತ ಅಲ್ಲ. ದೊಡ್ಡಪ್ಪನವರಿಗೆ ಇದಿಷ್ಟು ಮೊದಲು ಹೇಳಿ.

ಇನ್ನು ರಕ್ತದ ವಿಷಯ. ಮೆದುಳಿನ ತೂಕ ಮೈತೂಕದ ಸುಮಾರು 2 ಪರ್ಸೆಂಟ್. ಆದರೆ ಸುಮ್ಮನೆ ಕೂತಾಗಲೂ ದೇಹ ಬಳಸುವ ಶಕ್ತಿಯಲ್ಲಿ 20 ಪರ್ಸೆಂಟ್ ಅದಕ್ಕೇ ಬೇಕು. ಅಟ್ಟದ ಮೇಲೆ ಮೂಟೆ ಇಟ್ಟ ಹಾಗೆ ಕೂಡಿಡಲು ಅದಕ್ಕೆ ಜಾಗವಿಲ್ಲ. ರಕ್ತ ನಿಂತರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಯಾವ ಭಾಗ ಜಾಸ್ತಿ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಆಗಿಂದಾಗ ಜಾಸ್ತಿ ಹರಿಯುತ್ತದೆ. ಹರಿವನ್ನು ಅಳೆದರೆ ಕೆಲಸದ ಸುಳಿವು ಸಿಗುತ್ತದೆ ಅನ್ನುವುದು ಇದರಿಂದಲೇ.

ತೋಟದ ದಾರಿ, ಶಿರಸಿ ತಾಲೂಕು

ಅಣ್ಣಾ, ತುಂಬಾ ಉಪಕಾರ. ತೋಟದ ಮಾತು ದೊಡ್ಡಪ್ಪನಿಗೆ ಖಂಡಿತ ಅರ್ಥ ಆಗುತ್ತದೆ. ಹರಿವನ್ನು ಹೇಗೆ ಅಳೆಯುತ್ತಾರೆ? ಬಣ್ಣದ ಇಂಜೆಕ್ಷನ್ ಕೊಡುತ್ತಾರಾ? ತಮ್ಮನಿಗೆ ಸೂಜಿ ಅಂದರೆ ಭಯ.

ಸ್ಕ್ಯಾನ್ ರೂಮಿನಿಂದ, ಕಾರವಾರ

ಸೂಜಿ ಇಲ್ಲದ ದಾರಿಗಳಿವೆ.

ಒಂದರ ಹೆಸರು ಬೋಲ್ಡ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಆಮ್ಲಜನಕ ಹೊತ್ತಿರುವಾಗ ಅದು ಅಯಸ್ಕಾಂತಕ್ಕೆ ಅಡ್ಡಿ ಮಾಡುವುದಿಲ್ಲ, ಆಮ್ಲಜನಕ ಬಿಟ್ಟಾಗ ಮಾಡುತ್ತದೆ. ಇದನ್ನು 1936ರಲ್ಲೇ ಪೌಲಿಂಗ್ ಮತ್ತು ಕೊರಿಯೆಲ್ ಕಂಡುಕೊಂಡಿದ್ದರು. ಅದನ್ನು ಎಂಆರ್‌ಐಗೆ ತಂದವರು ಸೈಜಿ ಒಗಾವಾ, 1990ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕೆಲಸ ಮಾಡುವ ಭಾಗಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊಸ ರಕ್ತ ನುಗ್ಗುತ್ತದೆ. ಆಗ ಅಡ್ಡಿ ಕಡಿಮೆಯಾಗಿ ಅಲ್ಲಿನ ಸಿಗ್ನಲ್ ಒಂದಿಷ್ಟು ಏರುತ್ತದೆ. ಏರುವುದಕ್ಕೆ ಐದಾರು ಸೆಕೆಂಡು ಬೇಕು. ಆದರೆ ಬೋಲ್ಡ್ ಅಂದರೆ ಬರೀ ರಕ್ತದ ಹರಿವಲ್ಲ. ಹರಿವು, ರಕ್ತದ ಪ್ರಮಾಣ, ಆಮ್ಲಜನಕದ ಬಳಕೆ ಮೂರೂ ಅದರಲ್ಲಿ ಬೆರೆತಿವೆ.

ನನಗೆ ಬಹಳ ಇಷ್ಟವಾದದ್ದು ಇನ್ನೊಂದು, ಎಎಸ್‌ಎಲ್. ಇದು 1992ರಲ್ಲಿ ಬಂತು. ಕುತ್ತಿಗೆಯಲ್ಲಿ ಮೇಲಕ್ಕೆ ಹೋಗುವ ರಕ್ತದ ನೀರಿಗೇ ಗುರುತು ಹಾಕುತ್ತಾರೆ. ಬಣ್ಣ ಇಲ್ಲ, ಮದ್ದು ಇಲ್ಲ, ರೇಡಿಯೋ ಅಲೆ ಮಾತ್ರ. ನೀರಿನಲ್ಲಿರುವ ಹೈಡ್ರೋಜನ್ ಒಳಗೇ ಒಂದು ಚಿಕ್ಕ ಅಯಸ್ಕಾಂತದ ಹಾಗೆ ಇರುತ್ತದೆ, ಅದನ್ನು ತಿರುವಿಬಿಡುತ್ತಾರೆ. ಎರಡು ಸೆಕೆಂಡಿನ ಆಸುಪಾಸು ಕಾಯುತ್ತಾರೆ, ಅಷ್ಟರಲ್ಲಿ ಆ ರಕ್ತ ಮೆದುಳಿಗೆ ತಲುಪಿರುತ್ತದೆ. ಆಗ ಒಂದು ಚಿತ್ರ. ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದೇ ಬಂದು ಸೇರಿದ ರಕ್ತ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಅಂತ ಲೆಕ್ಕವೇ ಸಿಗುತ್ತದೆ. ದೊಡ್ಡವರಲ್ಲಿ ಸರಾಸರಿ 50ರ ಹತ್ತಿರ.

ಕಷ್ಟ ಏನೆಂದರೆ ಆ ಎರಡು ಚಿತ್ರಗಳ ವ್ಯತ್ಯಾಸ ಸುಮಾರು 1 ಪರ್ಸೆಂಟ್ ಮಾತ್ರ. ಅದಕ್ಕೆ ನಾಲ್ಕೈದು ನಿಮಿಷ ಮತ್ತೆ ಮತ್ತೆ ತೆಗೆಯಬೇಕು. ಅಷ್ಟರಲ್ಲಿ ತಲೆ ಸ್ವಲ್ಪ ಅಲುಗಾಡಿದರೂ ಲೆಕ್ಕ ಹಾಳು. ಭಯದಲ್ಲಿ ಇರುವವರನ್ನು ಆ ಕೊಳವೆಯೊಳಗೆ ಅಲುಗದೆ ಮಲಗಿ ಅಂದರೆ ಅವರಿಗೆ ಎಷ್ಟು ಕಷ್ಟ ಅಂತ ನಾನು ದಿನಾ ನೋಡುತ್ತೇನೆ.

ಕಾಫಿಯ ವಿಷಯವನ್ನೂ ಹೇಳಬೇಕು. ಎರಡು ಮೂರು ಕಪ್ ಕಾಫಿಯಲ್ಲಿರುವಷ್ಟು ಕೆಫೀನ್ ಮೆದುಳಿನ ರಕ್ತದ ಹರಿವನ್ನು ಕಾಲು ಭಾಗದಷ್ಟು ಇಳಿಸಬಲ್ಲದು. ಚಹಾದಲ್ಲೂ ಕೆಫೀನ್ ಇದೆ. ನಿಮ್ಮ ಕಡೆಯ ಕಷಾಯ ಕುಡಿದು ಬಂದರೆ ಆ ತೊಂದರೆ ಇಲ್ಲ, ಕೊತ್ತಂಬರಿ ಜೀರಿಗೆಯಲ್ಲಿ ಕೆಫೀನ್ ಇಲ್ಲ.

ಶರಾವತಿ ದಂಡೆ, ಹೊನ್ನಾವರ

ನಾನು ಮಾನಸಿಕ ವೈದ್ಯಕೀಯದಲ್ಲಿ ಪಿಜಿ ಮಾಡುತ್ತಿದ್ದೇನೆ. ಅಣ್ಣ ಹೇಳಿದ ಕಾಫಿಯ ಮಾತನ್ನೇ ಹಿಡಿದು ಮುಂದೆ ಹೋಗುತ್ತೇನೆ, ಏಕೆಂದರೆ ಅಕ್ಕನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಸ್ಕಿಜೋಫ್ರೇನಿಯಾ (ಸೈಕೋಸಿಸ್ ತುಂಬಾ ದಿನ ಉಳಿಯುವ ಒಂದು ಕಾಯಿಲೆ) ಇರುವವರ ಮೆದುಳಿಗೆ ರಕ್ತ ಕಡಿಮೆ ಹೋಗುತ್ತದಾ ಅಂತ 1948ರಲ್ಲೇ ಸೀಮೋರ್ ಕೆಟಿ ಮತ್ತು ಜೊತೆಗಾರರು ಅಳೆದು ನೋಡಿದರು. ಆಗ ಎಂಆರ್‌ಐ ಇರಲಿಲ್ಲ. ನೈಟ್ರಸ್ ಆಕ್ಸೈಡ್ ಉಸಿರಾಡಿಸಿ ಇಡೀ ಮೆದುಳಿನ ಲೆಕ್ಕ ತೆಗೆದರು. ಆರೋಗ್ಯವಂತರಿಗೂ ಇವರಿಗೂ ಒಟ್ಟು ಹರಿವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. 1974ರಲ್ಲಿ ಸ್ವೀಡನ್ನಿನ ಇಂಗ್ವಾರ್ ಮತ್ತು ಫ್ರಾನ್ಜೆನ್ ಭಾಗ ಭಾಗವಾಗಿ ನೋಡಿದರು. ಒಟ್ಟು ನೀರು ಅಷ್ಟೇ, ಆದರೆ ಹಂಚಿಕೆ ಬೇರೆ. ಹಣೆಯ ಹಿಂದಿನ ಭಾಗಕ್ಕೆ ಹೋಲಿಕೆಯಲ್ಲಿ ಕಡಿಮೆ ಹೋಗುತ್ತಿತ್ತು. ಆಮೇಲೆ ಬಂದ ಎಂಆರ್‌ಐ ಅಧ್ಯಯನಗಳಲ್ಲೂ ಗುಂಪಿಗೂ ಗುಂಪಿಗೂ ಇಂಥ ವ್ಯತ್ಯಾಸಗಳು ಸಿಕ್ಕಿವೆ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ಗೆ ಸೈಕೋಸಿಸ್‌ನಲ್ಲಿ ಹರಿವು ಜಾಸ್ತಿ ಅಂತ ಹಲವು ಕಡೆ ಕಂಡಿದೆ.

ಆದರೆ ‘ಗುಂಪು’ ಅನ್ನುವ ಮಾತನ್ನು ಗಮನಿಸಿ. ವರ್ಷದ ಲೆಕ್ಕದಲ್ಲಿ ಭಟ್ಕಳದಲ್ಲಿ ಹಳಿಯಾಳಕ್ಕಿಂತ ಬಹಳ ಜಾಸ್ತಿ ಮಳೆ. ಇದು ನಿಜ, ಯಾರೂ ಅಲ್ಲಗಳೆಯುವುದಿಲ್ಲ. ಈಗ ನಾನು ನಿಮಗೆ ‘ಒಂದು ದಿನ 20 ಮಿಲಿಮೀಟರ್ ಮಳೆ ಬಂತು, ಯಾವ ಊರು ಹೇಳಿ’ ಅಂದರೆ ಹೇಳಲು ಆಗುತ್ತದಾ? ಎರಡೂ ಊರಲ್ಲಿ ಅಂಥ ದಿನಗಳಿವೆ. ನಿಮ್ಮ ತಮ್ಮನ ಒಂದು ಸ್ಕ್ಯಾನ್ ಅಂಥ ಒಂದು ದಿನದ ಮಳೆ. ವಯಸ್ಸು, ನಿದ್ದೆ, ಬೀಡಿ ಸಿಗರೇಟು, ಚಹಾ, ತೆಗೆದುಕೊಳ್ಳುತ್ತಿರುವ ಮಾತ್ರೆ, ಎಲ್ಲವೂ ಹರಿವನ್ನು ಬದಲಿಸುತ್ತವೆ. ರಕ್ತ ಕಡಿಮೆ ಇದ್ದರೆ, ಅಂದರೆ ಹಿಮೋಗ್ಲೋಬಿನ್ ಇಳಿದಿದ್ದರೆ, ಮೆದುಳಿಗೆ ಹರಿವು ಏರುತ್ತದೆ. ಅದಕ್ಕೇ ಇವತ್ತಿಗೂ ಸೈಕೋಸಿಸ್ ಆಗಲಿ, ಖಿನ್ನತೆ ಆಗಲಿ, ಒಮ್ಮೆ ಅತಿ ಉತ್ಸಾಹ ಒಮ್ಮೆ ಖಿನ್ನತೆ ಬರುವ ಬೈಪೋಲಾರ್ ಆಗಲಿ, ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಗುರುತಿಸುವ ಪದ್ಧತಿ ಇಲ್ಲ. ಮಾತಾಡಿಸಿ, ಮನೆಯವರನ್ನು ಕೇಳಿ, ತಿಂಗಳುಗಟ್ಟಲೆ ನೋಡಿ ಗುರುತಿಸುತ್ತೇವೆ.

ಅಡಿಕೆ ಮಾರಬೇಡಿ ಅಕ್ಕಾ. ಈ ಕಾರಣಕ್ಕೆ ಖಂಡಿತ ಬೇಡ.

ಮಿರ್ಜಾನ್ ಬಯಲು, ಕುಮಟಾ

ಡಾಕ್ಟ್ರೇ, ಈ ಮಾತು ನನಗೆ ಮೂರು ವರ್ಷದ ಹಿಂದೆ ಯಾರಾದರೂ ಹೇಳಬೇಕಿತ್ತು. ನನ್ನ ಹೆಂಡತಿಗೆ ಖಿನ್ನತೆ ಇತ್ತು. ದೂರದ ಒಂದು ದೊಡ್ಡ ಊರಿನ ಸೆಂಟರಿನಲ್ಲಿ ಮೆದುಳಿನ ಬಣ್ಣದ ಚಿತ್ರ ತೆಗೆದು, ಇಲ್ಲಿ ಕೆಂಪು, ಇಲ್ಲಿ ನೀಲಿ, ಅದಕ್ಕೇ ಕಾಯಿಲೆ ಅಂದರು. ಬಂಗಾರ ಅಡ ಇಟ್ಟು ಕಟ್ಟಿದ್ದೆ. ಆ ಹಾಳೆಗಳನ್ನು ಹಿಡಿದು ನಮ್ಮ ಹಳೆಯ ಡಾಕ್ಟರ ಹತ್ತಿರ ಹೋದೆ. ಅವರು ಪೂರ್ತಿ ನೋಡಿದರು, ಪಕ್ಕಕ್ಕಿಟ್ಟು ಹೆಂಡತಿಯ ಹತ್ತಿರ ಅರ್ಧ ಗಂಟೆ ಮಾತಾಡಿದರು. ಔಷಧಿ ಬದಲಾಗಲಿಲ್ಲ. ಹೆಂಡತಿ ಮಾತ್ರ ತುಂಬಾ ದಿನ ‘ನನ್ನ ತಲೆ ಒಳಗೆ ನೀಲಿ ಇದೆ’ ಅಂತ ಅಳುತ್ತಿದ್ದಳು. ಅದು ನನಗೆ ಹಣಕ್ಕಿಂತ ದೊಡ್ಡ ನಷ್ಟ.

ಸ್ಕ್ಯಾನ್ ರೂಮಿನಿಂದ, ಕಾರವಾರ

ಓದಿ ಬೇಜಾರಾಯಿತು ಮಾರಾಯ್ರೆ. ಅಕ್ಕನವರಿಗೆ ದಯವಿಟ್ಟು ಹೇಳಿ, ತಲೆಯಲ್ಲಿ ನೀಲಿ ಇಲ್ಲ, ಕೆಂಪೂ ಇಲ್ಲ. ಮೆಷಿನ್ ಕೊಡುವುದು ಅಂಕಿಗಳನ್ನು. ಯಾವ ಅಂಕಿಗೆ ಯಾವ ಬಣ್ಣ ಅಂತ ಕಂಪ್ಯೂಟರಿನಲ್ಲಿ ನಾವು ಹಾಕುತ್ತೇವೆ. ಗೆರೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಅದೇ ತಲೆಯ ಕೆಂಪು ನೀಲಿಯಾಗುತ್ತದೆ.

2009ರಲ್ಲಿ ಅಮೆರಿಕದ ಸಂಶೋಧಕರು ಒಂದು ಸತ್ತ ಸಾಲ್ಮನ್ ಮೀನನ್ನು ಎಂಆರ್‌ಐ ಒಳಗೆ ಇಟ್ಟರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದಿದ್ದರೆ ಆ ಸತ್ತ ಮೀನಿನ ಮೆದುಳಿನಲ್ಲೂ ‘ಕೆಲಸ’ ನಡೆಯುತ್ತಿರುವ ಚುಕ್ಕೆ ಕಾಣಿಸಿತು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಸುಮ್ನೆ ಆಕಸ್ಮಿಕವಾಗಿ ಬೆಳಗುತ್ತವೆ ಅಂತ ತೋರಿಸಲು ಮಾಡಿದ ಪ್ರಯೋಗ ಅದು. ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲ ದಿನವೇ ಇದನ್ನು ಹೇಳುತ್ತೇನೆ.

ಅರಬೈಲು ತಿರುವು, ಯಲ್ಲಾಪುರ

ಹಾಗಾದರೆ ಇಷ್ಟೆಲ್ಲ ಸಂಶೋಧನೆ ಯಾಕೆ? ರೋಗಿಗೆ ಉಪಯೋಗವಿಲ್ಲ ಅಂದಮೇಲೆ ಅದೇ ಹಣವನ್ನು ನಮ್ಮ ಜಿಲ್ಲೆಯಲ್ಲಿ ಮಾನಸಿಕ ವೈದ್ಯರನ್ನು ಹೆಚ್ಚು ಮಾಡಲು ಹಾಕಬಹುದಲ್ವಾ? ಘಟ್ಟ ಇಳಿದು ಹತ್ತಿ ಓಡಾಡುವವರಿಗೆ ಗೊತ್ತು ಕಷ್ಟ.

ಶರಾವತಿ ದಂಡೆ, ಹೊನ್ನಾವರ

ವೈದ್ಯರು ಹೆಚ್ಚಬೇಕು ಅನ್ನುವುದಕ್ಕೆ ನನ್ನದೂ ಒಂದು ಕೈ. ಆದರೆ ಸಂಶೋಧನೆ ಬೇಡ ಅನ್ನುವುದನ್ನು ಒಪ್ಪಲಾರೆ.

ಅಕ್ಕನ ತಮ್ಮನಿಗೆ ಕೇಳುತ್ತಿದ್ದ ದನಿಯನ್ನೇ ತೆಗೆದುಕೊಳ್ಳಿ. 1993ರಲ್ಲಿ ಲಂಡನ್ನಿನಲ್ಲಿ ದನಿ ಕೇಳುವವರ ಮೆದುಳಿನ ರಕ್ತದ ಹರಿವನ್ನು ನೋಡಿದರು. ದನಿ ಕೇಳುವಾಗ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ. ಕೇಳುವಾಗ ಮಾತು ಹುಟ್ಟಿಸುವ ಬ್ರೋಕಾ ಭಾಗದಲ್ಲಿ ಹರಿವು ಜಾಸ್ತಿ ಇತ್ತು. 1999ರಲ್ಲಿ ಜರ್ಮನಿಯ ತಂಡ ಎಂಆರ್‌ಐ ಬಳಸಿತು. ದನಿ ಶುರುವಾದಾಗ ಬಟನ್ ಒತ್ತಿ ಅಂತ ಮೂವರು ರೋಗಿಗಳಿಗೆ ಹೇಳಿದರು. ಒತ್ತಿದ ಹೊತ್ತಿನಲ್ಲಿ ಹೊರಗಿನ ಸದ್ದು ಕೇಳಲು ನಾವು ಬಳಸುವ ಭಾಗವೇ ಎಚ್ಚರಗೊಂಡಿತ್ತು. ಅಂದರೆ ಅವರು ಕೇಳಿಸುತ್ತದೆ ಅಂದದ್ದು ನಾಟಕವಲ್ಲ. ಅವರ ಮೆದುಳಿಗೆ ಅದು ಕೇಳಿಸುತ್ತಿತ್ತು. ಮೂವರೇ ಅನ್ನಬಹುದು. ಆಮೇಲೆ ಬೇರೆ ತಂಡಗಳೂ ಮಾಡಿವೆ, ಮಾತು ಮತ್ತು ಶ್ರವಣದ ಭಾಗಗಳು ಮತ್ತೆ ಮತ್ತೆ ಬಂದಿವೆ. ಇದನ್ನು ನಾನು ಓದಿದ ದಿನ ವಾರ್ಡಿಗೆ ಹೋಗಿ ರೋಗಿಗಳ ಮಾತನ್ನು ಬೇರೆ ರೀತಿ ಕೇಳಿಸಿಕೊಂಡೆ.

ಶಕ್ತಿಯ ಬಳಕೆ ನೋಡುವ ದಾರಿ ಇನ್ನೊಂದು, ಸ್ಪೆಕ್ಟ್ರೋಸ್ಕೋಪಿ. ಅದೇ ಮೆಷಿನ್, ಆದರೆ ಬರುವುದು ಚಿತ್ರವಲ್ಲ, ಏರಿಳಿತದ ಗೆರೆ. ಮೆದುಳಿನ ಎರಡು ಮೂರು ಸೆಂಟಿಮೀಟರಿನ ಒಂದು ತುಣುಕನ್ನು ಆರಿಸಿ ಅಲ್ಲಿ ಕ್ರಿಯಾಟಿನ್, ಗ್ಲುಟಮೇಟ್, ಲ್ಯಾಕ್ಟೇಟ್ ಅನ್ನುವ ರಾಸಾಯನಿಕಗಳು ಎಷ್ಟಿವೆ ಅಂತ ನೋಡುತ್ತಾರೆ. ಬೈಪೋಲಾರ್ ಇರುವವರಲ್ಲಿ ಲ್ಯಾಕ್ಟೇಟ್ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಬಂದಿದೆ. ಜೀವಕೋಶದ ಒಲೆ, ಮೈಟೊಕಾಂಡ್ರಿಯಾ, ಸರಿಯಾಗಿ ಉರಿಯದಿದ್ದರೆ ಹಾಗೆ ಆಗಬಹುದು ಅನ್ನುವುದು ಒಂದು ವಿವರಣೆ. ರಂಜಕದ ಸಿಗ್ನಲ್ ಹಿಡಿಯುವ ಬೇರೆ ಕಾಯಿಲ್ (ತಲೆಯ ಸುತ್ತ ಇಡುವ ಆಂಟೆನಾ) ಹಾಕಿದರೆ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯನ್ನೇ ಅಳೆಯಬಹುದು. ಕಾಯಿಲೆ ಎಲ್ಲಿಂದ ಹುಟ್ಟುತ್ತದೆ ಅಂತ ತಿಳಿಯದೆ ಹೊಸ ಔಷಧಿ ಹುಡುಕುವುದು ಹೇಗೆ?

ಚಿಕಿತ್ಸೆಗೆ ಏನೂ ಬಂದಿಲ್ಲ ಅಂತಲೂ ಅಲ್ಲ. ಮಾತ್ರೆಗೆ ಬಗ್ಗದ ಖಿನ್ನತೆಗೆ ತಲೆಯ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಡುವ ಒಂದು ಪದ್ಧತಿಗೆ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಮಿಡಿತವನ್ನು ಎಲ್ಲಿ ಕೊಡಬೇಕು ಅಂತ ಆ ರೋಗಿಯದೇ ಬೋಲ್ಡ್ ಸ್ಕ್ಯಾನ್ ನೋಡಿ ಗುರುತಿಸುತ್ತಾರೆ. ಕಾಯಿಲೆ ಯಾವುದು ಅಂತ ಹೇಳಲು ಅಲ್ಲ, ಜಾಗ ಹುಡುಕಲು.

ಗಜನಿ ಗದ್ದೆ, ಕುಮಟಾ

ನಾನು ಬೆಂಗಳೂರಿನಲ್ಲಿ ಓದುವಾಗ ಇಂಥ ಒಂದು ಸಂಶೋಧನೆಗೆ ಆರೋಗ್ಯವಂತರ ಗುಂಪಿನಲ್ಲಿ ಹೋಗಿದ್ದೆ. ಹೋಲಿಸಲು ನಮ್ಮಂಥವರೂ ಬೇಕಲ್ವಾ. ಕನ್ನಡದಲ್ಲೇ ಒಪ್ಪಿಗೆ ಪತ್ರ ಕೊಟ್ಟು ಓದಿಸಿದರು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು ಅಂದರು. ಬೆಳಿಗ್ಗೆಯಿಂದ ಚಹಾ ಇಲ್ಲ. ಕಿವಿಗೆ ಹತ್ತಿ, ಅದರ ಮೇಲೆ ಹೆಡ್‌ಫೋನ್, ಆದರೂ ಸದ್ದು ಎದೆಗೆ ಬಡಿಯುತ್ತದೆ. ನನ್ನ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ ಹುಡುಗನಿಗೆ ಕಾಯಿಲೆ ಇತ್ತು. ಹೆದರಿದ್ದ. ಆದರೂ ‘ನನಗಲ್ಲದಿದ್ದರೆ ಮುಂದಿನವರಿಗಾದರೂ ಆಗಲಿ’ ಅಂತ ಒಳಗೆ ಹೋದ. ನನಗೆ ನನ್ನ ರಿಪೋರ್ಟ್ ಅಂತ ಏನೂ ಕೊಡಲಿಲ್ಲ, ಕೊಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ತಮ್ಮನಿಗೆ ಮುಂದೆ ಮನಸ್ಸು ಬಂದರೆ ನಿಮ್ಹಾನ್ಸ್‌ನಂಥ ಕಡೆ ಸಂಶೋಧನೆಗೆ ಸೇರಬಹುದು. ಸಂಶೋಧನೆಯ ಸ್ಕ್ಯಾನ್‌ಗೆ ನಿಮ್ಮಿಂದ ಹಣ ಕೇಳಿದರೆ ಮಾತ್ರ ಒಂದು ಸಲ ನಿಂತು ಯೋಚನೆ ಮಾಡಿ.

ಬೇಲೆ ಅಂಚು, ಅಂಕೋಲಾ

ಇನ್ನೊಂದು. ಪ್ರತಿ ಸಲ ಹುಬ್ಬಳ್ಳಿಗೆ ಹೋಗಲು ಆಗದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಅಂತ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿ. ರಾತ್ರಿ ಹೊತ್ತು ಮಾತಾಡಬೇಕು ಅನಿಸಿದರೆ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ.

ತೋಟದ ದಾರಿ, ಶಿರಸಿ ತಾಲೂಕು

ಹತ್ತು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಆಯಿಗೆ, ಅಪ್ಪಯ್ಯನಿಗೆ ಓದಿ ಹೇಳಿದೆ. ಅಡಿಕೆ ಮಾರಲಿಲ್ಲ.

ದೊಡ್ಡಪ್ಪನಿಗೆ ಫೋಟೋ, ನೀರು, ಕಾಲುವೆಯ ಮಾತು ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಒಪ್ಪಿದೆ ಅಂತ ಹೇಳಲಿಲ್ಲ. ಆದರೆ ಈ ಸಲ ಡಾಕ್ಟರ ಹತ್ತಿರ ಹೋಗುವಾಗ ತಾವೂ ಬಂದರು. ಒಳಗೆ ಕೂತು ಅವರೇ ಡಾಕ್ಟರಿಗೆ ‘ಮಾತ್ರೆ ಎಷ್ಟು ದಿನ?’ ಅಂತ ಕೇಳಿದರು.

ಬಟನ್ ಒತ್ತಿದವರ ಕಥೆಯನ್ನು ತಮ್ಮನಿಗೆ ಹೇಳಿದೆ. ‘ಅವರಿಗೂ ಕೇಳುತ್ತಿತ್ತಾ?’ ಅಂತ ಮೂರು ಸಲ ಕೇಳಿದ. ಆಮೇಲೆ ತನ್ನ ಸ್ಕ್ಯಾನಿನ ಫಿಲ್ಮ್ ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ‘ಅಕ್ಕಾ, ಇದರಲ್ಲಿ ದನಿ ಇಲ್ಲ ಅಲ್ವಾ?’ ಅಂದ. ಇಲ್ಲ, ಇದು ಬರೀ ಫೋಟೋ ಅಂದೆ. ಫಿಲ್ಮನ್ನು ಕವರಿಗೆ ಹಾಕಿಟ್ಟು ರಾತ್ರಿಯ ಮಾತ್ರೆ ಕೇಳಿ ತೆಗೆದುಕೊಂಡ.

ಸ್ಕ್ಯಾನ್ ರೂಮಿನಿಂದ, ಕಾರವಾರ

ಬಹಳ ಸಂತೋಷ ಆಯಿತು ತಂಗೀ. ಆ ಫಿಲ್ಮ್ ಎಸೆಯಬೇಡಿ, ಮಡಚಬೇಡಿ. ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಕಾಗದ ಇಟ್ಟು ಒಣ ಜಾಗದಲ್ಲಿಡಿ. ಸಿಡಿ ಕೊಟ್ಟಿದ್ದರೆ ಅದನ್ನೂ ಜೊತೆಗಿಡಿ. ಮುಂದೆ ಎಂದಾದರೂ ಡಾಕ್ಟರು ಇನ್ನೊಂದು ಸ್ಕ್ಯಾನ್ ಬೇಕು ಅಂದರೆ ಹೋಲಿಸಲು ಹಳೆಯದು ಬೇಕಾಗುತ್ತದೆ.